ಸೂರ್ಯನ ಹಳೇ ಫೋಟೋ, ಮಕ್ಕಳ ಕೈಯಲ್ಲಿ ಪೆನ್ಸಿಲ್

ಹಳೇ ವಿಜ್ಞಾನ ಸಂಸ್ಥೆಗಳ ಬಗ್ಗೆ ಹೇಳಲು ಹೊರಟರೆ ಬಾಯಿಗೆ ಮೊದಲು ಬರುವುದು ಇಸವಿ, ಆಮೇಲೆ ದೊಡ್ಡವರ ಹೆಸರು. ಕೊಡೈಕೆನಾಲ್ ಸೌರ ವೀಕ್ಷಣಾಲಯದ ಬಗ್ಗೆ ಶಾಲಾ ಮಕ್ಕಳಿಗೆ ಕನ್ನಡದಲ್ಲಿ ಹೇಳುವ ಕೆಲಸ ನನಗೆ ಸಿಕ್ಕಾಗ ಅದೆರಡನ್ನೂ ಪಕ್ಕಕ್ಕಿಟ್ಟೆ. ಅಲ್ಲಿ ನಡೆಯುವ ಕೆಲಸವನ್ನೇ ಮಕ್ಕಳಿಂದ ಮಾಡಿಸಬೇಕು ಅನ್ನಿಸಿತು.

ಅಲ್ಲಿ ಹಿಂದೆ ಗಾಜಿನ ಫಲಕಗಳ ಮೇಲೆ ತೆಗೆದ ಸೂರ್ಯನ ಫೋಟೋಗಳು ಈಗ ಕಂಪ್ಯೂಟರಿನಲ್ಲೇ ಸಿಗುತ್ತವೆ. ಸೂರ್ಯನ ಮೇಲೆ ದೊಡ್ಡ ಕಪ್ಪು ಕಲೆಯೊಂದು ಚೆನ್ನಾಗಿ ಕಾಣುವ ಒಂದು ವಾರ ಆರಿಸಿಕೊಂಡೆ. ಎಲ್ಲ ಚಿತ್ರಗಳನ್ನೂ ಒಂದೇ ಅಳತೆಗೆ ಪ್ರಿಂಟ್ ತೆಗೆಸಿದೆ. ಪ್ರತಿಯೊಂದರಲ್ಲೂ ಉತ್ತರ-ದಕ್ಷಿಣ ಗೆರೆ ಎಳೆದುಕೊಳ್ಳಲೇಬೇಕು. ಇಲ್ಲದಿದ್ದರೆ ಕಲೆ ಎಲ್ಲೆಲ್ಲೋ ಅಲೆದ ಹಾಗೆ ಕಾಣುತ್ತದೆ. ಇಬ್ಬಿಬ್ಬರಿಗೆ ಒಂದು ಟ್ರೇಸಿಂಗ್ ಹಾಳೆ, ಒಂದು ಪೆನ್ಸಿಲ್. ಒಂದೊಂದೇ ಚಿತ್ರದ ಮೇಲೆ ಹಾಳೆ ಇಟ್ಟು ಕಲೆಯ ಜಾಗಕ್ಕೆ ಚುಕ್ಕೆ, ಪಕ್ಕದಲ್ಲಿ ತಾರೀಖು.

ನಾಲ್ಕನೇ ಚುಕ್ಕೆ ಇಡುವ ಹೊತ್ತಿಗೆ ಗಲಾಟೆ ಶುರು. "ಇದು ಓಡ್ತಾ ಇದೆ!" ನಡುವೆ ಚುಕ್ಕೆಗಳು ದೂರ ದೂರ, ಅಂಚಿನಲ್ಲಿ ಒತ್ತೊತ್ತಾಗಿ. ಯಾಕೆ ಅಂತ ನಾನು ಹೇಳಲಿಲ್ಲ. ಒಂದು ಚೆಂಡಿಗೆ ಸೀಮೆಸುಣ್ಣದ ಗುರುತು ಹಾಕಿ ಕೈಗೆ ಕೊಟ್ಟೆ. ನಿಧಾನಕ್ಕೆ ತಿರುಗಿಸಿ ನೋಡಿದರು, ತಾವೇ ಕಂಡುಕೊಂಡರು. ನಮಗೆ ಕಾಣುವಂತೆ ಸೂರ್ಯ ಒಂದು ಸುತ್ತು ತಿರುಗಲು ಸುಮಾರು 27 ದಿನ. ಅವರ ಲೆಕ್ಕ ಅದರ ಹತ್ತಿರಕ್ಕೇ ಬಂತು.

ನನಗೆ ತುಂಬ ಇಷ್ಟವಾದದ್ದು ಒಬ್ಬಳು ಹುಡುಗಿ ಕೇಳಿದ ಪ್ರಶ್ನೆ. "ಸರ್, ನಡುವೆ ಒಂದು ದಿನದ್ದು ಇಲ್ವಲ್ಲ?" ಆ ದಿನ ಮೋಡ ಇದ್ದಿರಬೇಕು ಅಂದೆ. ಹಾಗಾದರೆ ಉಳಿದ ದಿನವೆಲ್ಲ ಯಾರೋ ತೆಗೀತಿದ್ರಾ ಅಂದಳು. ಇತಿಹಾಸ ಹೇಳೋಕೆ ಅದೇ ಸರಿಯಾದ ಹೊತ್ತು, ಅಲ್ವಾ? ವೀಕ್ಷಣಾಲಯ 1899ರಲ್ಲಿ ಶುರುವಾದದ್ದು, 1904ರಿಂದ ಈ ಫೋಟೋಗಳನ್ನು ತೆಗೆಯುತ್ತಾ ಬಂದದ್ದು, ಕಲೆಯ ಅಂಚಿನ ಭಾಗದಲ್ಲಿ ಅನಿಲ ಹೊರಮುಖವಾಗಿ ಹರಿಯುತ್ತದೆ ಎಂದು ಖಗೋಳ ವಿಜ್ಞಾನಿ ಜಾನ್ ಎವರ್‌ಶೆಡ್ 1909ರಲ್ಲಿ ಅಲ್ಲಿಂದಲೇ ತೋರಿಸಿಕೊಟ್ಟದ್ದು, ಎಲ್ಲವನ್ನೂ ಹೇಳಿದೆ. ಒಬ್ಬರೂ ಆಕಳಿಸಲಿಲ್ಲ. ತಮ್ಮ ಕೈಯಲ್ಲಿದ್ದ ಹಾಳೆಯ ಕಥೆ ಅದು.

ಆಮೇಲೆ ಹೊರಗೆ ಹೋಗಿ, ಸಣ್ಣ ದೂರದರ್ಶಕದಿಂದ ಬಿಳಿ ರಟ್ಟಿನ ಮೇಲೆ ಅವತ್ತಿನ ಸೂರ್ಯನನ್ನು ಬೀಳಿಸಿದೆವು. ಯಾರೂ ಅದರೊಳಗೆ ಕಣ್ಣಿಟ್ಟು ನೋಡದಂತೆ ಒಬ್ಬ ದೊಡ್ಡವರು ಪಕ್ಕದಲ್ಲೇ ನಿಂತಿರಲೇಬೇಕು. ಮಕ್ಕಳು ಹೊಸ ಹಾಳೆ ತೆಗೆದು ತಾರೀಖು ಬರೆದರು, ಚುಕ್ಕೆ ಇಟ್ಟರು. ಮಾರನೇ ದಿನದ ಚುಕ್ಕೆಗೆ ರಟ್ಟು, ದೂರದರ್ಶಕ ಎರಡನ್ನೂ ಅವರ ಮೇಷ್ಟ್ರ ಹತ್ತಿರವೇ ಬಿಟ್ಟುಬಂದೆ.