ಎದೆಹಾಲಿನ ಬ್ಯಾಂಕಿಗೆ ನೆರವಾಗೋದು ಹೇಗೆ: ಹಾಲು ತಾಯಿಯದು, ಓಡಾಟ ನಮ್ಮದು

ಮಗಳ ಹುಟ್ಟುಹಬ್ಬಕ್ಕೆ ಆಸ್ಪತ್ರೆಗೆ ಹೋಗಿ ಹಾಲಿನ ಪುಡಿ ಡಬ್ಬಿ ಹಂಚುವ ಆಲೋಚನೆ ಇದ್ದರೆ ಇವತ್ತೇ ಕೈಬಿಡಿ. ಒಳ್ಳೆ ಮನಸ್ಸಿನಿಂದಲೇ ಮಾಡುತ್ತೀರಿ, ಗೊತ್ತು. ಆದರೆ 1992ರ ಕಾಯ್ದೆ ಪ್ರಕಾರ ಮಕ್ಕಳ ಪುಡಿಹಾಲು, ಹಾಲಿನ ಬಾಟಲಿಗಳನ್ನು ಹೀಗೆ ದಾನ ಮಾಡುವಂತಿಲ್ಲ. ಅನಾಥಾಲಯಕ್ಕೆ ಮಾತ್ರ ವಿನಾಯಿತಿ. ಕಾಯ್ದೆ ಹಾಗಿರಲಿ, ಏಳನೇ ಎಂಟನೇ ತಿಂಗಳಿಗೇ ಹುಟ್ಟಿದ ಮಗುವಿನ ಕರುಳು ತೀರಾ ಎಳೆಯದು. ಪುಡಿಹಾಲು ಕುಡಿದರೆ ಆ ಕರುಳು ಊದಿಕೊಂಡು ಕೊಳೆಯುವ ಕಾಯಿಲೆ ಬರುವ ಅಪಾಯ ಜಾಸ್ತಿ, ಅದು ಜೀವಕ್ಕೇ ಕುತ್ತು. ಅದಕ್ಕೇ ಮೊದಲು ಸ್ವಂತ ತಾಯಿಯ ಹಾಲು. ಅದು ಸಾಲದಿದ್ದರೆ ಇನ್ನೊಬ್ಬ ತಾಯಿ ಕೊಟ್ಟ, ಪರೀಕ್ಷೆ ಮಾಡಿ ಬಿಸಿ ಮಾಡಿ ಕಾಪಿಟ್ಟ ಹಾಲು. ಈ ಎರಡನೆಯದನ್ನು ಕೂಡಿಡುವ ಜಾಗವೇ ಎದೆಹಾಲಿನ ಬ್ಯಾಂಕ್. ಮುಂಬೈನ ಸಯನ್ ಆಸ್ಪತ್ರೆಯಲ್ಲಿ 1989ರಲ್ಲೇ ಶುರುವಾಗಿದ್ದು, ಹೊಸದೇನಲ್ಲ.

ನನಗೆ ಇದೆಲ್ಲ ಗೊತ್ತಾಗಿದ್ದು ತಂಗಿಯ ಮಗು ಆಷಾಢದ ಮಳೆಯಲ್ಲಿ, ತಿಂಗಳು ತುಂಬುವ ಮೊದಲೇ ಹುಟ್ಟಿದಾಗ. ಒಂದೂಕಾಲು ಕೆ.ಜಿ. ಶಿವಮೊಗ್ಗದ ಆಸ್ಪತ್ರೆಯೊಂದರ ಎಳೆಗೂಸುಗಳ ತೀವ್ರ ನಿಗಾ ಘಟಕದಲ್ಲಿ, ಅಂದರೆ ಎನ್‌ಐಸಿಯುನಲ್ಲಿ ಸಿಸ್ಟರ್ ಸಿರಿಂಜ್ ಎತ್ತಿ ತೋರಿಸಿದರು, ತಳದಲ್ಲಿ ಎರಡು ಎಂ.ಎಲ್. ಹಾಲು. ಎರಡು ಗಂಟೆಗೊಮ್ಮೆ ಅಷ್ಟೇ, ಅದೂ ನಳಿಕೆಯಲ್ಲಿ. ಒಳಲೆಯಲ್ಲಿ ಕುಡಿಸುವ ಹೊತ್ತಿಗೆ ವಾರಗಳೇ ಕಳೆದವು. ಲೆಕ್ಕ ಹಾಕಿ ನೋಡಿ, ದಿನಕ್ಕೆ 24 ಎಂ.ಎಲ್. "ನಂದೇನು ಮಹಾ, ಅರ್ಧ ಲೋಟ ಬರಬಹುದು" ಅನ್ನುವ ತಾಯಿಯ ಹಾಲು ಅಲ್ಲಿ ಒಂದು ಮಗುವಿನ ಎರಡು ಮೂರು ದಿನದ ಊಟ.

ಈಗ ಹಾಲು ಇರುವವರ ವಿಷಯ. ಸ್ವಂತ ಮಗು ಹೊಟ್ಟೆ ತುಂಬ ಕುಡಿದು, ತೂಕ ಸರಿಯಾಗಿ ಏರುತ್ತಿದ್ದರೆ ಮಾತ್ರ ಕೊಡಿ. ಎಚ್‌ಐವಿ, ಹೆಪಟೈಟಿಸ್ ಬಿ, ಸಿಫಿಲಿಸ್ ಇಲ್ಲ ಅನ್ನುವ ರಕ್ತಪರೀಕ್ಷೆಯ ವರದಿ ನೋಡುತ್ತಾರೆ. ಬಸುರಿನಲ್ಲಿ ಮಾಡಿಸಿದ್ದರೆ ತಾಯಿ ಕಾರ್ಡ್ ಜೊತೆ ಒಯ್ಯಿರಿ. ಯಾವ ಮಾತ್ರೆ ನುಂಗುತ್ತಿದ್ದೀರಿ ಅಂತ ಮುಚ್ಚಿಡದೆ ಹೇಳಿ, ನಾಟಿ ಔಷಧಿ ಇದ್ದರೆ ಅದನ್ನೂ. ಬೀಡಿ, ಸಿಗರೇಟು, ಹೆಂಡ ನಡೆಯುವುದಿಲ್ಲ. ನಮ್ಮ ಕಡೆಯವರು ಮರೆಯುವುದು ಇನ್ನೊಂದಿದೆ: ಎಲೆಯಡಿಕೆ ಜೊತೆ ಹಾಕುವ ಹೊಗೆಸೊಪ್ಪು. ಅದೂ ತಂಬಾಕೇ. ಜ್ವರ ಬಂದಿದ್ದರೆ, ಎದೆ ಕೆಂಪಾಗಿ ಬಾತು ನೋಯುತ್ತಿದ್ದರೆ ವಾಸಿಯಾಗುವ ತನಕ ಬೇಡ.

ಎಲ್ಲಿಗೆ ಕೊಡುವುದು? ಬೆಂಗಳೂರಿನ ವಾಣಿ ವಿಲಾಸ ಆಸ್ಪತ್ರೆಯಲ್ಲಿ, ಮಂಗಳೂರಿನ ಲೇಡಿಗೋಷನ್‌ನಲ್ಲಿ ಇಂಥ ಬ್ಯಾಂಕ್ ಇದೆ. ಶಿವಮೊಗ್ಗದಲ್ಲಿದ್ದರೆ ಅಲ್ಲಿನ ಸರ್ಕಾರಿ ಆಸ್ಪತ್ರೆ ಮೆಗ್ಗಾನ್‌ಗೋ ನಿಮ್ಮ ಹೆರಿಗೆಯಾದ ಆಸ್ಪತ್ರೆಗೋ ಹೋಗಿ, ಮಕ್ಕಳ ವಾರ್ಡಿನ ಸಿಸ್ಟರ್ ಹತ್ತಿರ ಮೂರು ಮಾತು ಕೇಳಿ. ಇಲ್ಲಿ ತಗೊಳ್ತೀರಾ, ಇಲ್ಲದಿದ್ದರೆ ಹತ್ತಿರ ಎಲ್ಲಿ ತಗೊಳ್ತಾರೆ, ಮನೆಯಲ್ಲಿ ಹಿಂಡಿದ್ದು ಆಗುತ್ತಾ? ಸರ್ಕಾರದ 2017ರ ಮಾರ್ಗಸೂಚಿಯಲ್ಲಿ ಇದಕ್ಕೆ ಲ್ಯಾಕ್ಟೇಶನ್ ಮ್ಯಾನೇಜ್‌ಮೆಂಟ್ ಸೆಂಟರ್ ಅನ್ನುವ ಹೆಸರು, ಹಾಗಾಗಿ ಬೋರ್ಡಿನಲ್ಲಿ 'ಬ್ಯಾಂಕ್' ಅಂತ ಹುಡುಕಿ ಸುಮ್ನೆ ವಾಪಸ್ ಬರಬೇಡಿ. ಯಾರಾದರೂ ಲೀಟರಿಗೆ ಇಷ್ಟು ಅಂತ ದುಡ್ಡಿನ ಮಾತು ಎತ್ತಿದರೆ ಅಲ್ಲಿಂದ ಎದ್ದು ಬನ್ನಿ. ಎದೆಹಾಲನ್ನು ಮಾರುವಂತಿಲ್ಲ ಅಂತ ದೇಶದ ಆಹಾರ ಸುರಕ್ಷತಾ ಪ್ರಾಧಿಕಾರ ಎಫ್‌ಎಸ್‌ಎಸ್‌ಎಐ 2024ರ ಮೇನಲ್ಲಿ ಸ್ಪಷ್ಟವಾಗಿ ಹೇಳಿದೆ. ವಾಟ್ಸಾಪ್‌ನಲ್ಲಿ ನೋಡಿ ಯಾರದೋ ಹಸಿ ಹಾಲನ್ನು ನೇರವಾಗಿ ಮಗುವಿಗೆ ಹಾಕುವುದೂ ಬೇಡ. ಪಕ್ಕದ ಮನೆ ಚಿಕ್ಕಮ್ಮ ನಮ್ಮಪ್ಪನಿಗೆ ಹಾಲೂಡಿಸಿದ್ದರಂತೆ, ಸರಿ. ಆದರೆ ನಮ್ಮಪ್ಪ ಹುಟ್ಟುವಾಗಲೇ ಮೂರೂವರೆ ಕೆ.ಜಿ.!

ಹಿಂಡುವ ಮುಂಚೆ ಕೈಯನ್ನು ಸೋಪು ಹಾಕಿ, ಉಗುರಿನ ಸಂದಿ ಬಿಡದೆ ತೊಳೆಯಿರಿ. ಹೆಬ್ಬೆರಳು ಮತ್ತು ತೋರುಬೆರಳನ್ನು ತೊಟ್ಟಿನಿಂದ ಒಂದೂವರೆ ಇಂಚು ಹಿಂದೆ ಇಟ್ಟು, ಮೊದಲು ಎದೆಗೂಡಿನ ಕಡೆ ಒತ್ತಿ, ಆಮೇಲೆ ಬೆರಳುಗಳನ್ನು ಕೂಡಿಸಿ ಅದುಮಿ ಬಿಡಬೇಕು. ತೊಟ್ಟನ್ನೇ ಜಗ್ಗಿದರೆ ನೋವು ಬರುತ್ತದೆ, ಹಾಲು ಬರುವುದಿಲ್ಲ. ಕುದಿಸಿ ಆರಿಸಿದ ಸ್ಟೀಲ್ ಡಬ್ಬಿ ಅಥವಾ ಅವರೇ ಕೊಟ್ಟ ಡಬ್ಬಿ ಬಳಸಿ, ಮುಕ್ಕಾಲು ಮಾತ್ರ ತುಂಬಿಸಿ, ಫ್ರೀಜರಿನಲ್ಲಿ ಗಟ್ಟಿಯಾದಾಗ ಹಾಲು ಉಬ್ಬುತ್ತದೆ. ದಿನ, ಗಂಟೆ ಬರೆದು ಅಂಟಿಸಿ. ಇಷ್ಟೊಂದು ಮಡಿ ಯಾಕೆ ಅಂದರೆ, ಡೈರಿಗೆ ಹಾಲು ಹಾಕಿದವರಿಗೆ ಬೇಗ ಅರ್ಥವಾಗುತ್ತದೆ. ಅಲ್ಲಿ ಒಬ್ಬರ ಕ್ಯಾನ್ ಹುಳಿಯಾಗಿದ್ದು ಕಣ್ಣುತಪ್ಪಿ ಹೋದರೆ ಟ್ಯಾಂಕೇ ಕೆಡುತ್ತದೆ, ಅಲ್ವಾ? ಇಲ್ಲೂ ಕೆಲವು ತಾಯಂದಿರ ಹಾಲನ್ನು ಸೇರಿಸಿ, 62.5 ಡಿಗ್ರಿ ಸೆಲ್ಸಿಯಸ್‌ನಲ್ಲಿ 30 ನಿಮಿಷ ಇಟ್ಟು, ತಟ್ಟನೆ ತಣ್ಣಗೆ ಮಾಡಿ, ಆಮೇಲೆ ಕಲ್ಚರ್ ಟೆಸ್ಟ್ ಮಾಡುತ್ತಾರೆ. ಅದರಲ್ಲಿ ಬ್ಯಾಕ್ಟೀರಿಯಾ ಬೆಳೆದರೆ ಅಷ್ಟೂ ಹಾಲು ಸಿಂಕಿಗೆ.

ಇನ್ನು ಉಳಿದವರು, ಅಂದರೆ ಹಾಲಿಲ್ಲದ ನಾವು. ಕೆಲಸ ಜಾಸ್ತಿ ಇರುವುದು ನಮಗೇ.

ಮೊದಲು ಮನೆಯ ಹಿರಿಯರನ್ನು ಒಪ್ಪಿಸಬೇಕು. ನಮ್ಮಮ್ಮ "ಹಾಲು ಹಿಂಡಿ ಹೊರಗೆ ಕೊಟ್ಟರೆ ದೃಷ್ಟಿಯಾಗುತ್ತೆ, ಮಗುವಿಗೇ ಕಡಿಮೆ ಆಗುತ್ತೆ" ಅಂತ ಹಟ ಹಿಡಿದರು. ಕರೆಯದೆ ಬಿಟ್ಟರೆ ಕೊಟ್ಟಿಗೆಯ ಗೌರಿ ಬತ್ತಲ್ವಾ ಅಮ್ಮ, ಖಾಲಿಯಾದಷ್ಟೂ ತುಂಬುತ್ತೆ ಅಂದೆ. "ಬಾಣಂತೀನ ದನಕ್ಕೆ ಹೋಲಿಸ್ತೀಯಾ ಮಾರಾಯ್ತಿ" ಅಂತ ಬೈದರು. ಆದರೆ ಮಾರನೇ ದಿನದಿಂದ ಡಬ್ಬಿ ಕುದಿಸುವ ಕೆಲಸ ಅವರದೇ.

ಎರಡನೆಯದು ತಂಪು. ಬಾಣಂತನಕ್ಕೆ ಅಂತ ನಾವು ತಂಗಿಯನ್ನು ತೀರ್ಥಹಳ್ಳಿ ಕಡೆಯ ಮನೆಗೆ ಕರೆತಂದೆವು, ಮಗು ಶಿವಮೊಗ್ಗದಲ್ಲೇ. ಅವಳು ಹಿಂಡಿದ್ದನ್ನು ನಾನು ಬೆಳಗಿನ ಬಸ್ಸಿನಲ್ಲಿ ಒಯ್ಯುತ್ತಿದ್ದೆ. ಒಂದು ರಾತ್ರಿ ಮರ ಬಿದ್ದು ಕರೆಂಟ್ ಹೋಯಿತು, ಎರಡು ದಿನ ಬರಲೇ ಇಲ್ಲ. ಹನ್ನೊಂದು ಡಬ್ಬಿ. ಬಚ್ಚಲಲ್ಲಿ ನಿಂತು ಒಂದೊಂದನ್ನೇ ಅವಳೇ ಚೆಲ್ಲಿದಳು, ನಮ್ಮ ಕೈಗೆ ಕೊಡಲಿಲ್ಲ. ಅದಾದ ಮೇಲೆ ಕಲಿತದ್ದು: ಒಂದು ಲೋಟ ನೀರನ್ನು ಫ್ರೀಜರಿನಲ್ಲಿ ಗಟ್ಟಿ ಮಾಡಿ ಮೇಲೊಂದು ರೂಪಾಯಿ ನಾಣ್ಯ ಇಡಿ. ನಾಣ್ಯ ತಳಕ್ಕೆ ಹೋಗಿದ್ದರೆ ನೀವು ಮಲಗಿದ್ದಾಗ ಕರೆಂಟ್ ಹೋಗಿ ಎಲ್ಲ ಕರಗಿತ್ತು ಅಂತ ಅರ್ಥ. ಕರಗಿದ ಹಾಲನ್ನು ಮತ್ತೆ ಗಟ್ಟಿ ಮಾಡುವ ಹಾಗಿಲ್ಲ. ಊರಲ್ಲಿ ಇನ್ವರ್ಟರ್ ಅಥವಾ ಜನರೇಟರ್ ಇರುವ ಮನೆಯವರು ಫ್ರೀಜರಿನ ಒಂದು ಮೂಲೆ ಬಿಟ್ಟುಕೊಟ್ಟರೆ ಅದೇ ದೊಡ್ಡ ದಾನ. ಮೀನು ಮಾತ್ರ ಬೇರೆ ಕಡೆ ಇಡಿ.

ಬ್ಯಾಂಕಿಗೂ ಇದೇ ತಲೆನೋವು, ಮೈನಸ್ 20 ಡಿಗ್ರಿ ಹಗಲೂ ರಾತ್ರಿ ಇರಬೇಕು. ಹಾಗಾಗಿ ದುಡ್ಡು ಕೊಡುವ ಸಂಘದವರು ಹಾಲು ಹಿಂಡುವ ಹೊಸ ಪಂಪ್ ತಂದು ಫೋಟೋ ತೆಗೆಸಿಕೊಳ್ಳುವ ಬದಲು "ಏನು ಕಡಿಮೆ ಬಿದ್ದಿದೆ" ಅಂತ ಕೇಳಿ. ಕಲ್ಚರ್ ಟೆಸ್ಟಿನ ಖರ್ಚು, ಬ್ಯಾಟರಿ, ಜೆಲ್ ಪ್ಯಾಕ್, ಫ್ರೀಜರ್ ರಿಪೇರಿ ಅನ್ನುತ್ತಾರೆ. ಫಲಕದಲ್ಲಿ ಹೆಸರು ಕೆತ್ತಿಸುವ ಬಾಬತ್ತುಗಳಲ್ಲ, ಆದರೆ ನಿಂತುಹೋಗುವುದು ಇವುಗಳಿಂದಲೇ. ಸರ್ಕಾರಿ ಆಸ್ಪತ್ರೆಗಾದರೆ ಆರೋಗ್ಯ ರಕ್ಷಾ ಸಮಿತಿ ಮೂಲಕ ಕೊಟ್ಟು ರಸೀದಿ ತಗೊಳ್ಳಿ. ಟ್ರಸ್ಟ್ ಆದರೆ ದಾನಕ್ಕೆ ತೆರಿಗೆ ವಿನಾಯಿತಿ (80ಜಿ ಅಂತ ಕರೆಯುವುದು) ಇದೆಯಾ ಕೇಳಿ. ಹಳೇ ತೆರಿಗೆ ಪದ್ಧತಿಯಲ್ಲಿರುವವರಿಗೆ ಮಾತ್ರ ಅದರ ಲಾಭ, ಅದೂ 2,000 ರೂಪಾಯಿಗಿಂತ ಹೆಚ್ಚು ನಗದು ಕೊಟ್ಟರೆ ಲೆಕ್ಕಕ್ಕಿಲ್ಲ.

ನನ್ನನ್ನು ಕೇಳಿದರೆ ಎಲ್ಲಕ್ಕಿಂತ ಮೊದಲ ಖರ್ಚು ತಾಯಿಯನ್ನು ಮಗುವಿನ ಹತ್ತಿರ ಉಳಿಸಿಕೊಳ್ಳುವುದು. ನಾವು ತಪ್ಪಿದ್ದು ಅಲ್ಲೇ. ಹೊಸನಗರದಿಂದಲೋ ಸಾಗರದಿಂದಲೋ ಬಂದವಳು ವರಾಂಡದಲ್ಲಿ ಎಷ್ಟು ದಿನ ಮಲಗುತ್ತಾಳೆ? ಊರಿಗೆ ಹೋಗುತ್ತಾಳೆ, ಹಿಂಡುವುದು ನಿಲ್ಲುತ್ತದೆ, ಹಾಲು ಬತ್ತುತ್ತದೆ, ಅವಳ ಮಗುವೂ ಬ್ಯಾಂಕಿನ ಹಾಲಿಗೆ ಸಾಲು ನಿಲ್ಲುತ್ತದೆ. ಹತ್ತಿರದಲ್ಲಿ ಒಂದು ಕೋಣೆ, ಎರಡು ಹೊತ್ತು ಬಿಸಿ ಅನ್ನ ಸಾರು, ಮಗುವನ್ನು ಎದೆಗೆ ಅಪ್ಪಿಕೊಂಡು ಗಂಟೆಗಟ್ಟಲೆ ಒರಗಿ ಕೂರಲು ಒಂದು ಒಳ್ಳೆ ಕುರ್ಚಿ ಸಿಕ್ಕರೆ ಅವಳಿಗೇ ಹಾಲು ಹೆಚ್ಚುತ್ತದೆ. ಮಿಕ್ಕಿದ್ದನ್ನು ಅವಳೇ ಬ್ಯಾಂಕಿಗೆ ಕೊಟ್ಟರೂ ಕೊಟ್ಟಳು. ವಾರ್ಡಿಗೆ ಹೋದಾಗ ಮಕ್ಕಳ ಫೋಟೋ ತೆಗೆಯಬೇಡಿ.

ಹಾಲು ಒಯ್ಯುವ ಥರ್ಮಾಕೋಲ್ ಡಬ್ಬಿಯ ಮೇಲೆ ನಿಮ್ಮ ಹೆಸರು, ಫೋನ್ ನಂಬರ್ ದೊಡ್ಡದಾಗಿ ಬರೆಯಿರಿ. ನಮ್ಮದು ಎರಡು ಕಳೆದವು, ಒಂದು ಬಸ್‌ಸ್ಟ್ಯಾಂಡಿನ ಹೂವಿನವರ ಹತ್ತಿರ ಸಿಕ್ಕಿತು, ಒಳಗೆ ಸೇವಂತಿಗೆ ಇತ್ತು.