ಕಣ್ಣಿಗೆ ಕಾಣದ್ದಕ್ಕೆ ಬಣ್ಣ: ಕೇಟ್ ಎಡಿಟರಿನಲ್ಲಿ ಕನ್ನಡ ಲೇಟೆಕ್

ಲೇಟೆಕ್ ಎಂದರೆ ಪಠ್ಯದ ನಡುನಡುವೆ ಕಮಾಂಡು ಬರೆದು ಪುಟ ಜೋಡಿಸುವ ಸಾಧನ. ಅದರ ಫೈಲನ್ನು ಯಾವ ಎಡಿಟರಿನಲ್ಲಿ ತೆರೆದರೂ ಮೊದಲು ಎದ್ದು ಕಾಣುವುದು ಕಮಾಂಡುಗಳು. ಬ್ಯಾಕ್‌ಸ್ಲ್ಯಾಶ್ ಇದ್ದ ಕಡೆಯೆಲ್ಲ ಗಾಢ ಬಣ್ಣ, ಗಣಿತಕ್ಕೆ ಇನ್ನೊಂದು ಬಣ್ಣ, ಉಳಿದ ಪಠ್ಯವೆಲ್ಲ ಸಾದಾ ಕಪ್ಪು. ಗಣಿತದ ಪ್ರಬಂಧ ಬರೆಯುವವರಿಗೆ ಇದು ಸರಿಯೇ. ನನಗೆ ಮಾತ್ರ ಪೂರ್ತಿ ಉಲ್ಟಾ. ನಾನು ಸೆಟ್ ಮಾಡುವುದು ಮುಂಬಯಿಯ ಕನ್ನಡ ಸಂಘಗಳ ಸ್ಮರಣ ಸಂಚಿಕೆ, ಅಭಿನಂದನ ಗ್ರಂಥ, ಆಗೀಗ ಒಂದು ಕವನ ಸಂಕಲನ. ನನ್ನ ಫೈಲಿನಲ್ಲಿ ಕಮಾಂಡು ಅಲ್ಲೊಂದು ಇಲ್ಲೊಂದು, ಉಳಿದದ್ದೆಲ್ಲ ಕನ್ನಡ ಗದ್ಯ. ತಪ್ಪುಗಳಿರುವುದೂ ಆ ಗದ್ಯದಲ್ಲೇ. ಎಡಿಟರ್ ಬಣ್ಣ ಹಚ್ಚದೆ ಬಿಟ್ಟ ಜಾಗದಲ್ಲಿ.

ಮನೆ ಡೊಂಬಿವಲಿ. ಹಗಲಿನ ನೌಕರಿ ಬೇರೆ. ಪುಟ ಕಟ್ಟುವುದು ರಾತ್ರಿ ಮತ್ತು ಭಾನುವಾರ. ಪಿಡಿಎಫ್ ಸಿದ್ಧವಾದರೆ ಲೋವರ್ ಪರೇಲಿನ ಪ್ರೆಸ್ಸಿಗೆ ಹೋಗುತ್ತದೆ. ಅಲ್ಲಿ ಪ್ಲೇಟ್ ಆದ ಮೇಲೆ ತಿದ್ದುಪಡಿ ಎಂದರೆ ಜೇಬಿನಿಂದ ದುಡ್ಡು. ಹಾಗಾಗಿ ತಪ್ಪು ನನ್ನ ಪರದೆಯ ಮೇಲೇ ಸಿಕ್ಕಿಬೀಳಬೇಕು.

ಎಡಿಟರ್ ಆಯ್ಕೆಯ ವಿಷಯ ಬೇಗ ಮುಗಿಸುತ್ತೇನೆ. ಆಫೀಸಿನಲ್ಲಿ ನನ್ನ ಕೈ ಕೂತದ್ದು ವಿಮ್‌ಗೆ. ಆದರೆ ಟರ್ಮಿನಲ್‌ನ ವಿಮ್ ಅಕ್ಷರಗಳನ್ನು ಚೌಕದ ಲೆಕ್ಕದಲ್ಲಿ ಇಡುತ್ತದೆ. ಒತ್ತಕ್ಷರ ಕೂಡಿಕೊಳ್ಳದೆ ಬಿಡಿಬಿಡಿಯಾಗಿ ನಿಲ್ಲುತ್ತದೆ. ಇಮ್ಯಾಕ್ಸ್‌ನಲ್ಲಿ 2020ರ 27ನೇ ಆವೃತ್ತಿಯಿಂದ ಅಕ್ಷರ ಜೋಡಿಸುವ ಲೈಬ್ರರಿಯಾದ ಹಾರ್ಫ್‌ಬಜ್ ಇದೆ, ಕನ್ನಡ ಚೆನ್ನಾಗಿ ಮೂಡುತ್ತದೆ, ಇಷ್ಟವಿದ್ದವರು ಬಳಸಬಹುದು. ನಾನು ನಿಂತದ್ದು ಕೆಡಿಇ ಎಂಬ ಮುಕ್ತ ತಂತ್ರಾಂಶ ಬಳಗದವರ ಕೇಟ್‌ನಲ್ಲಿ. ಅದರ ಕೆಳಗಿನ ಕ್ಯೂಟಿ ಲೈಬ್ರರಿಯೂ ಅಕ್ಷರ ಜೋಡಿಸುವುದು ಹಾರ್ಫ್‌ಬಜ್‌ನಿಂದ, 2013ರಿಂದೀಚೆಗೆ ನನ್ನ ಲೇಟೆಕ್ ಫೈಲನ್ನು ಪಿಡಿಎಫ್ ಮಾಡುವ ಝೀಟೆಕ್ ಜೋಡಿಸುವುದೂ ಅದರಿಂದಲೇ. ಎರಡಕ್ಕೂ ಒಂದೇ ಫಾಂಟ್ ಕೊಟ್ಟರೆ ಪರದೆಯಲ್ಲಿ ಕಂಡ ಒತ್ತು ಪುಟದಲ್ಲೂ ಹಾಗೇ ಬರುತ್ತದೆ. ಬಣ್ಣದ ನಿಯಮಗಳು ಒಂದು ಸಾದಾ ಎಕ್ಸ್‌ಎಂಎಲ್ ಫೈಲಿನಲ್ಲಿರುವುದು ಇನ್ನೊಂದು ಅನುಕೂಲ. ಪ್ರೋಗ್ರಾಂ ಬರೆಯಬೇಕಿಲ್ಲ.

ಕೇಟ್ ಜೊತೆಗೇ ಬರುವ ಲೇಟೆಕ್ ನಿಯಮದ ಫೈಲನ್ನು ಪ್ರತಿ ಮಾಡಿಕೊಂಡು, ಒಳಗಿನ ಭಾಷೆಯ ಹೆಸರನ್ನು ‘ಕನ್ನಡ ಲೇಟೆಕ್’ ಎಂದು ಬದಲಿಸಿ, ಆದ್ಯತೆಯ ಅಂಕಿಯನ್ನು ಏರಿಸಿದೆ. ಒಂದೇ ಎಕ್ಸ್‌ಟೆನ್ಷನ್ನಿಗೆ ಎರಡು ಭಾಷೆಗಳಿದ್ದರೆ ಕೇಟ್ ಆದ್ಯತೆ ಹೆಚ್ಚಿರುವುದನ್ನು ಎತ್ತಿಕೊಳ್ಳುತ್ತದೆ. ಲಿನಕ್ಸ್‌ನಲ್ಲಿ ಈ ಫೈಲ್ ಇಡಬೇಕಾದದ್ದು ಹೋಮ್ ಫೋಲ್ಡರಿನಲ್ಲಿ ಅಡಗಿರುವ ‘ಡಾಟ್ ಲೋಕಲ್’, ಅದರೊಳಗಿನ ‘ಶೇರ್’, ಅದರೊಳಗೆ ‘ಆರ್ಗ್ ಡಾಟ್ ಕೆಡಿಇ ಡಾಟ್ ಸಿಂಟ್ಯಾಕ್ಸ್-ಹೈಲೈಟಿಂಗ್’, ಕೊನೆಗೆ ‘ಸಿಂಟ್ಯಾಕ್ಸ್’ ಎಂಬ ಫೋಲ್ಡರಿನಲ್ಲಿ.

ಪ್ರತಿ ಮಾಡುವ ಬದಲು ಹೊಸ ಫೈಲ್ ಬರೆದು, ಮೂಲ ಲೇಟೆಕ್ ನಿಯಮಗಳನ್ನು ಒಂದೇ ಸಾಲಿನಲ್ಲಿ ಒಳಗೆ ಸೇರಿಸಿಕೊಳ್ಳಬಹುದಲ್ಲ ಎಂದು ಯಾರಿಗಾದರೂ ಅನಿಸುತ್ತದೆ. ಸೇರಿಸಬಹುದು. ಆದರೆ ನಿಯಮಗಳು ‘ಕಾಂಟೆಕ್ಸ್ಟ್’ ಎಂಬ ಗುಂಪುಗಳಲ್ಲಿರುತ್ತವೆ, ಒಂದೊಂದು ಬಗೆಯ ಜಾಗಕ್ಕೆ ಒಂದೊಂದು ಗುಂಪು. ಮೂಲ ನಿಯಮ ಒಮ್ಮೆ ತನ್ನದೇ ಕಾಂಟೆಕ್ಸ್ಟ್‌ಗೆ ದಾಟಿತೆಂದರೆ, ಉದಾಹರಣೆಗೆ ಅಧ್ಯಾಯದ ಶೀರ್ಷಿಕೆಯ ಆವರಣದೊಳಗೆ ಹೋಯಿತೆಂದರೆ, ನಿಮ್ಮ ನಿಯಮಗಳು ಅಲ್ಲಿ ಲೆಕ್ಕಕ್ಕಿಲ್ಲ. ದೊಡ್ಡ ಅಕ್ಷರದಲ್ಲಿ ಅಚ್ಚಾಗುವ ಶೀರ್ಷಿಕೆಗೇ ತಪಾಸಣೆ ತಪ್ಪಿಹೋಗುತ್ತದೆ. ಅದಕ್ಕೇ ಪೂರ್ತಿ ಪ್ರತಿ ಮಾಡಿ, ನನ್ನ ನಿಯಮಗಳನ್ನೆಲ್ಲ ‘ತಪಾಸಣೆ’ ಎಂಬ ಒಂದೇ ಕಾಂಟೆಕ್ಸ್ಟ್‌ನಲ್ಲಿ ಬರೆದು, ಪಠ್ಯ ಬರುವ ಪ್ರತಿ ಕಾಂಟೆಕ್ಸ್ಟ್‌ನ ತಲೆಯಲ್ಲಿ ಅದನ್ನು ಸೇರಿಸಿದೆ. ತಲೆಯಲ್ಲೇ ಯಾಕೆಂದರೆ ಕೇಟ್ ನಿಯಮಗಳನ್ನು ಮೇಲಿನಿಂದ ಕೆಳಗೆ ನೋಡುತ್ತದೆ, ಮೊದಲು ಹೊಂದಿದ್ದು ಗೆದ್ದಿತು. ಗಣಿತ ಮತ್ತು ವರ್ಬೇಟಿಮ್ (ಬರೆದದ್ದನ್ನು ಹಾಗೇ ಅಚ್ಚುಮಾಡುವ ಭಾಗ) ಕಾಂಟೆಕ್ಸ್ಟ್‌ಗಳನ್ನು ಮುಟ್ಟಲಿಲ್ಲ.

ಯಾವುದಕ್ಕೆ ಬಣ್ಣ ಕೊಡಬೇಕು ಎನ್ನುವುದಕ್ಕೆ ನನ್ನದೊಂದೇ ಅಳತೆ: ಟೆಕ್ (ಲೇಟೆಕ್‌ನ ಒಳಗಿನ ಯಂತ್ರ) ತಾನೇ ಬೊಬ್ಬೆ ಹಾಕುವ ತಪ್ಪಿಗೆ ಬಣ್ಣ ಬೇಡ, ಸದ್ದಿಲ್ಲದೆ ನುಂಗುವ ತಪ್ಪಿಗೆ ಬೇಕು. ಜಾಹೀರಾತಿನಲ್ಲಿ ‘ಶೆಟ್ಟಿ & ಸನ್ಸ್’ ಎಂದಿದ್ದರೆ ಟೆಕ್ ಅಲ್ಲೇ ನಿಂತು ದೂರು ಹೇಳುತ್ತದೆ. ಆವರಣ ಮುಚ್ಚದಿದ್ದರೂ ಹೇಳುತ್ತದೆ. ಅವುಗಳ ಚಿಂತೆ ನನಗಿಲ್ಲ.

ನುಂಗುವುದರಲ್ಲಿ ಮೊದಲನೆಯದು ಶೇಕಡಾ ಚಿಹ್ನೆ. ಲೇಟೆಕ್‌ನಲ್ಲಿ ಅದು ಟಿಪ್ಪಣಿಯ ಗುರುತು. ಅಲ್ಲಿಂದ ಸಾಲಿನ ಕೊನೆಯವರೆಗಿನದು ಅಚ್ಚಾಗುವುದಿಲ್ಲ. ಸಂಘದ ವಾರ್ಷಿಕ ವರದಿಯಲ್ಲಿ ‘ಸದಸ್ಯತ್ವ 12% ಹೆಚ್ಚಿದೆ’ ಎಂದು ಕಾರ್ಯದರ್ಶಿಗಳು ಬರೆದಿರುತ್ತಾರೆ. ವರ್ಡ್‌ನಿಂದಲೋ ವಾಟ್ಸ್‌ಆ್ಯಪ್‌ನಿಂದಲೋ ತಂದು ಅಂಟಿಸಿದ ಪ್ಯಾರಾ ಎಂದರೆ ಫೈಲಿನ ಲೆಕ್ಕದಲ್ಲಿ ಒಂದೇ ಉದ್ದನೆಯ ಸಾಲು. ಹಾಗಾಗಿ ಹನ್ನೆರಡರ ಮುಂದಿನ ಪ್ಯಾರಾ ಪೂರ್ತಿ ಮಾಯ. ಎರರ್ ಇಲ್ಲ, ಎಚ್ಚರಿಕೆಯೂ ಇಲ್ಲ. ಸಾಮಾನ್ಯ ಎಡಿಟರಿನಲ್ಲಿ ಆ ಭಾಗ ಟಿಪ್ಪಣಿಯ ಬೂದು ಬಣ್ಣಕ್ಕೆ ತಿರುಗಿ ಸುಮ್ಮನಿರುತ್ತದೆ. ನನ್ನ ನಿಯಮ ಇಷ್ಟು:

[0-9೦-೯]%

ಅಂಕಿಗೆ ಅಂಟಿಕೊಂಡು ಶೇಕಡಾ ಬಂದರೆ ‘ನುಂಗಿದ್ದು’ ಎಂಬ ಕಾಂಟೆಕ್ಸ್ಟ್‌ಗೆ ದಾಟು, ಸಾಲು ಮುಗಿದಾಗ ಹಿಂದಕ್ಕೆ ಬಾ. ಅದರ ಬಣ್ಣ ಕೆಂಪು ಹಿನ್ನೆಲೆ. ನಿಯಮ ಅಂಕಿಯಿಂದಲೇ ಶುರುವಾಗುವುದರಿಂದ ಟಿಪ್ಪಣಿಯ ನಿಯಮಕ್ಕಿಂತ ಮೊದಲೇ ಹೊಂದುತ್ತದೆ. ಬ್ಯಾಕ್‌ಸ್ಲ್ಯಾಶ್ ಹಾಕಿ ಸರಿಯಾಗಿ ಬರೆದದ್ದಕ್ಕೆ ಇದು ಹೊಂದುವುದಿಲ್ಲ, ಯಾಕೆಂದರೆ ಅಂಕಿಗೂ ಶೇಕಡಾಕ್ಕೂ ನಡುವೆ ಬ್ಯಾಕ್‌ಸ್ಲ್ಯಾಶ್ ಇರುತ್ತದೆ. ಕೆಂಪಾದ ಪ್ಯಾರಾ ಪುಟದಲ್ಲಿ ಮಾಯವಾಗುವ ಪ್ಯಾರಾ. ಬೇರೆ ವಿವರಣೆ ಬೇಡ.

ಎರಡನೆಯದು ಸೊನ್ನೆ. ‘ಬಂದ’ ಮತ್ತು ‘ಬ೦ದ’ ಎರಡನ್ನೂ ನೋಡಿ. ಮೊದಲನೆಯದರಲ್ಲಿ ಇರುವುದು ಅನುಸ್ವಾರ, ಎರಡನೆಯದರಲ್ಲಿ ಕನ್ನಡ ಅಂಕಿ ಸೊನ್ನೆ. ಹೆಚ್ಚಿನ ಫಾಂಟುಗಳಲ್ಲಿ ಕೂದಲೆಳೆಯ ವ್ಯತ್ಯಾಸ. ಆದರೆ ಹುಡುಕಿದರೆ ಸಿಗುವುದಿಲ್ಲ, ಪದಸೂಚಿಯಲ್ಲಿ ಬೇರೆ ಜಾಗಕ್ಕೆ ಹೋಗಿ ಕೂರುತ್ತದೆ. ಇನ್ನೊಂದು ತೊಂದರೆ ಪುಟದ ಅಂಚಿನಲ್ಲಿ ಕಾಣುತ್ತದೆ. ಕನ್ನಡ ಪದವನ್ನು ಸಾಲಿನ ಕೊನೆಯಲ್ಲಿ ಎಲ್ಲಿ ಮುರಿಯಬಹುದು ಎಂಬ ಮಾದರಿಗಳು ಟೆಕ್‌ನಲ್ಲಿವೆ. ಸೊನ್ನೆ ಅಂಕಿಯಾದ್ದರಿಂದ ಪದ ಅಲ್ಲಿಗೇ ಮುಗಿಯಿತು ಎಂದು ಅದು ತಿಳಿಯುತ್ತದೆ, ಮುಂದಿನ ಭಾಗವನ್ನು ಮುರಿಯುವುದಿಲ್ಲ. ಎರಡು ಕಾಲಮ್ಮಿನ ಸ್ಮರಣ ಸಂಚಿಕೆಯಲ್ಲಿ ‘ಸ೦ಘಟಿಸಬೇಕಾಗಿದ್ದುದರಿಂದ’ ಎಂಬಂಥ ಪದ ಕಾಲಮ್ಮಿನ ಆಚೆ ಚಾಚಿಕೊಂಡಿದ್ದರೆ ನಾನು ಮೊದಲು ನೋಡುವುದೇ ಅದರ ಸೊನ್ನೆಯನ್ನು.

ನಿಯಮ: ಹಿಂದೆ ಕನ್ನಡ ಅಕ್ಷರವೋ ಸ್ವರಚಿಹ್ನೆಯೋ ಇದ್ದು, ಅದಕ್ಕೆ ತಾಗಿ ಅಂಕಿ ಸೊನ್ನೆ ಇದ್ದರೆ ಕಿತ್ತಳೆ. ‘ಅ’ಯಿಂದ ಹಲಂತದವರೆಗಿನ ಶ್ರೇಣಿಯನ್ನು ಅಕ್ಷರಗಳಲ್ಲೇ ಬರೆಯಲು ಹೋದರೆ ಹಲಂತ ಪಕ್ಕದ ಅಡ್ಡಗೆರೆಗೆ ಅಂಟಿಕೊಂಡು ಓದಲಾಗದಂತೆ ಆಗುತ್ತದೆ. ಯೂನಿಕೋಡ್ ಪ್ರತಿ ಅಕ್ಷರಕ್ಕೆ ಕೊಟ್ಟಿರುವ ಸಂಖ್ಯೆಗಳಲ್ಲೇ ಬರೆಯಿರಿ: 0ಸಿ85ರಿಂದ 0ಸಿಸಿಡಿವರೆಗೆ. ‘ಹಿಂದೆ ಇಂಥದ್ದು ಇದ್ದರೆ’ ಎಂದು ಹೇಳುವ ಹುಡುಕು-ಮಾದರಿಯಲ್ಲಿ, ಅಂದರೆ ರೆಗ್ಯುಲರ್ ಎಕ್ಸ್‌ಪ್ರೆಶನ್ನಿನಲ್ಲಿ < ಚಿಹ್ನೆ ಬರುತ್ತದೆ. ಎಕ್ಸ್‌ಎಂಎಲ್‌ನಲ್ಲಿ ಅದನ್ನು ನೇರ ಬರೆಯುವಂತಿಲ್ಲ, ಅದರ ಸಂಕೇತರೂಪವನ್ನೇ ಬರೆಯಬೇಕು. ಇಲ್ಲದಿದ್ದರೆ ಕೇಟ್ ಆ ಫೈಲನ್ನು ಓದುವುದೇ ಇಲ್ಲ. ಇದರ ತದ್ವಿರುದ್ಧವೂ ಉಂಟು: ಇಸವಿಯಲ್ಲಿ ಸೊನ್ನೆಯ ಬದಲು ಅನುಸ್ವಾರ, ‘೨ಂ೨೪’ ಎಂದು. ಅದಕ್ಕೂ ಅದೇ ಕಿತ್ತಳೆ.

ಇನ್ನು ಎಲ್ಲಕ್ಕಿಂತ ಹೆಚ್ಚು ಹೊತ್ತು ತಿಂದ ವಿಷಯ: ಅಗಲವೇ ಇಲ್ಲದ ಅಕ್ಷರಗಳು. ಮುಂಬಯಿಯ ವಿಳಾಸಗಳಲ್ಲಿ ಇವಿಲ್ಲದೆ ಕೆಲಸ ನಡೆಯುವುದಿಲ್ಲ. ‘ಚರ್ಚ್‌ಗೇಟ್’, ‘ಘಾಟ್‌ಕೋಪರ್’ ಎಂದು ಬರೆಯಲು ಹಲಂತದ ನಂತರ ಜೋಡಣೆ ತಡೆಯುವ ಅಕ್ಷರ ಬೇಕು, ಅದರ ಸಂಖ್ಯೆ 200ಸಿ. ಅದಿಲ್ಲದಿದ್ದರೆ ‘ಘಾಟ್ಕೋಪರ್’ ಆಗಿ ಟಕಾರದ ಕೆಳಗೆ ಕಕಾರದ ಒತ್ತು ಬೀಳುತ್ತದೆ. ಇಲ್ಲದ್ದು ಕಣ್ಣಿಗೆ ಕಾಣುತ್ತದೆ, ತಿದ್ದಬಹುದು. ಬೇಡದ ಕಡೆ ಇದ್ದದ್ದು ಕಾಣುವುದಿಲ್ಲ. ‘ಮಲಾಡ್’ ಎಂಬ ಪದದ ಕೊನೆಗೆ ಒಬ್ಬರ ಲೇಖನದಲ್ಲಿ ಅದು ಸೇರಿಕೊಂಡಿರುತ್ತದೆ, ಇನ್ನೊಬ್ಬರ ಲೇಖನದಲ್ಲಿ ಇರುವುದಿಲ್ಲ. ಪದಸೂಚಿಯಲ್ಲಿ ಎರಡು ಮಲಾಡ್ ಬರುತ್ತವೆ. ಕೆಲವು ಕಡೆ ಒಂದರ ಹಿಂದೆ ಒಂದು ಎರಡಿರುತ್ತವೆ.

ಅಗಲವೇ ಇಲ್ಲದ್ದಕ್ಕೆ ಅಕ್ಷರದ ಬಣ್ಣ ಕೊಟ್ಟು ಏನು ಪ್ರಯೋಜನ? ಹಿನ್ನೆಲೆ ಬಣ್ಣ ಕೊಟ್ಟರೂ ಕಾಣುವುದಿಲ್ಲ. ಅದರ ಹಿಂದಿನ ವ್ಯಂಜನ, ಹಲಂತಗಳನ್ನೂ ಸೇರಿಸಿಕೊಂಡೇ ಬಣ್ಣ ಹಚ್ಚಬೇಕು. ಇಲ್ಲಿ ಒಂದು ಸೂಕ್ಷ್ಮವಿದೆ. ಬಣ್ಣ ಬದಲಾಗುವ ಜಾಗದಲ್ಲಿ ಎಡಿಟರ್ ಪಠ್ಯವನ್ನು ತುಂಡು ಮಾಡಿ, ಒಂದೊಂದು ತುಂಡನ್ನು ಬೇರೆಬೇರೆಯಾಗಿ ಜೋಡಿಸುತ್ತದೆ. ‘ಚರ್ಚ್‌ಗೇಟ್’ನಲ್ಲಿ ಎರಡನೆಯ ‘ಚ್’ನಿಂದ ಮಾತ್ರ ಬಣ್ಣ ಶುರುಮಾಡಿದರೆ ‘ರ್’ ಹಿಂದಿನ ತುಂಡಿಗೆ ಹೋಗುತ್ತದೆ, ಅರ್ಕಾವತ್ತು ಕಳಚಿ ಬೀಳುತ್ತದೆ. ಪರದೆಯ ಮೇಲೆ ‘ಚರ್’ ಬೇರೆ, ‘ಚ್’ ಬೇರೆ. ಫೈಲಿನಲ್ಲಿ ಏನೂ ತಪ್ಪಿರುವುದಿಲ್ಲ, ಬಣ್ಣವೇ ತಪ್ಪು ತೋರಿಸುತ್ತದೆ. ಹಾಗಾಗಿ ‘ವ್ಯಂಜನ, ಹಲಂತ’ ಎಂಬ ಜೋಡಿ ಒಂದೋ ಹೆಚ್ಚೋ ಸಲ ಬಂದು ಕೊನೆಗೆ 200ಸಿ ಎಂದು ನಿಯಮ ಬರೆಯಬೇಕು. ಆಗ ‘ರ್ಚ್’ ಪೂರ್ತಿ ಒಂದೇ ತುಂಡಿನಲ್ಲಿ ಉಳಿಯುತ್ತದೆ. ಮುಂದೆ ವ್ಯಂಜನವಿದ್ದರೆ ತಿಳಿಹಳದಿ, ಅಂದರೆ ಬೇಕೆಂದೇ ಹಾಕಿದ್ದು. ಮುಂದೆ ವ್ಯಂಜನವಿಲ್ಲದಿದ್ದರೆ ಕೆಂಪು. ಕೆಂಪಿನ ನಿಯಮ ಮೇಲಿರಬೇಕು.

‘ರ‍್ಯಾಲಿ’ಯಲ್ಲಿ ಇರುವುದು ಇನ್ನೊಂದು, 200ಡಿ. ಅದು ರಕಾರಕ್ಕೂ ಹಲಂತಕ್ಕೂ ನಡುವೆ ಕೂತು ಅರ್ಕಾವತ್ತನ್ನು ತಡೆಯುತ್ತದೆ. ಅದೊಂದಕ್ಕೇ ಬಣ್ಣ ಕೊಟ್ಟರೆ ಹಲಂತ ಅನಾಥವಾಗಿ ಚುಕ್ಕಿಗಳ ವೃತ್ತದ ಮೇಲೆ ನಿಲ್ಲುತ್ತದೆ. ರಕಾರದಿಂದ ಯಕಾರದವರೆಗೆ, ಸ್ವರಚಿಹ್ನೆಯೂ ಸೇರಿ, ಇಡೀ ಗುಣಿತಕ್ಕೆ ಒಂದೇ ಬಣ್ಣ.

ಹಳೆಯ ಆಸ್ಕಿ ಫಾಂಟುಗಳಿಂದ ಯೂನಿಕೋಡ್‌ಗೆ ಪರಿವರ್ತಿಸಿದ ಲೇಖನಗಳಲ್ಲಿ ದೀರ್ಘದ ಚಿಹ್ನೆ ಬೇರೆಯಾಗಿ ಉಳಿದಿರುವುದುಂಟು. ಆ ಫಾಂಟುಗಳಲ್ಲಿ ದೀರ್ಘ ಒಂದು ಪ್ರತ್ಯೇಕ ಮೊಳೆಯಾಗಿತ್ತು. ‘ಸ್ನೇಹ’ದ ಏತ್ವ ಒಂದೇ ಸಂಕೇತವಾಗಿರುವ ಬದಲು ಎತ್ವ ಮತ್ತು ದೀರ್ಘ ಎಂದು ಎರಡಾಗಿರುತ್ತದೆ. ನೋಡಲು ಒಂದೇ, ಹುಡುಕಲು ಬೇರೆ. ಇದಕ್ಕೂ ಒತ್ತಕ್ಷರದ ಮೊದಲ ವ್ಯಂಜನದಿಂದಲೇ ಬಣ್ಣ ಶುರುವಾಗಬೇಕು, ಇಲ್ಲದಿದ್ದರೆ ‘ಸ್’ ಒಂದು ಕಡೆ, ‘ನೇ’ ಇನ್ನೊಂದು ಕಡೆ.

ಮುಂಬಯಿಯವರಿಗೆ ಮಾತ್ರ ಬೇಕಾಗಬಹುದಾದ ನಿಯಮ ಒಂದಿದೆ. ಇಲ್ಲಿನ ಸ್ಮರಣ ಸಂಚಿಕೆ ಎಂದಮೇಲೆ ನಗರಸೇವಕರ ಮರಾಠಿ ಶುಭಾಶಯ ಇದ್ದೇ ಇರುತ್ತದೆ. ಕನ್ನಡ ಫಾಂಟಿನಲ್ಲಿ ದೇವನಾಗರಿ ಇಲ್ಲದಿದ್ದರೆ ಝೀಟೆಕ್ ಆ ಅಕ್ಷರಗಳ ಬಗ್ಗೆ ಲಾಗ್ ಫೈಲಿನಲ್ಲಿ ಒಂದು ಮಾತು ಬರೆದು ಮುಂದಕ್ಕೆ ಹೋಗುತ್ತದೆ. 2021ರ ಟೆಕ್ ಲೈವ್ (ಟೆಕ್ ಸಾಧನಗಳ ವಾರ್ಷಿಕ ಕಟ್ಟು) ಆವೃತ್ತಿಯಿಂದ ‘ಟ್ರೇಸಿಂಗ್ ಲಾಸ್ಟ್ ಚಾರ್ಸ್’ ಎಂಬ ಸೆಟ್ಟಿಂಗಿಗೆ 3 ಕೊಟ್ಟರೆ ಇದು ಎರರ್ ಆಗುತ್ತದೆ, ಕೊಡಲೇಬೇಕು. ಆದರೆ ಆಗ ಅಕ್ಷರಕ್ಕೊಂದು ಎರರ್, ಒಂದು ವಾಕ್ಯಕ್ಕೆ ಪರದೆ ತುಂಬಿಹೋಗುತ್ತದೆ. ಅದಕ್ಕೆ ದೇವನಾಗರಿ ಪೂರ್ತಿಗೆ ನೇರಳೆ ಬಣ್ಣ ಕೊಟ್ಟಿದ್ದೇನೆ. ನೇರಳೆ ಕಂಡರೆ, ಸುತ್ತ ಪಾಲಿಗ್ಲಾಸಿಯಾದ (ಭಾಷೆ ಬದಲಿಸುವ ಲೇಟೆಕ್ ಪ್ಯಾಕೇಜು) ಮರಾಠಿ ಕಮಾಂಡು ಇದೆಯೇ ಎಂದು ನೋಡಿದರೆ ಸಾಕು. ದಂಡ ಮತ್ತು ಎರಡು ದಂಡಗಳನ್ನು ಹೊರಗಿಟ್ಟಿದ್ದೇನೆ. ಅವು ಯೂನಿಕೋಡ್‌ನಲ್ಲಿ ದೇವನಾಗರಿಯ ಪಟ್ಟಿಯಲ್ಲಿದ್ದರೂ ನಮ್ಮ ಕೀರ್ತನೆಗಳಿಗೂ ಅವೇ ದಂಡಗಳು.

ಕೊನೆಗೆ ಕಮಾಂಡುಗಳ ಗಾಢ ಬಣ್ಣ ತೆಗೆದು ತಿಳಿ ಬೂದು ಮಾಡಿದೆ. ಪಠ್ಯ ಮುಂದೆ ಬಂತು, ಕಮಾಂಡು ಹಿಂದೆ ಸರಿಯಿತು. ಸಣ್ಣ ಬದಲಾವಣೆ ಎನಿಸಬಹುದು, ಆದರೆ ಗಂಟೆಗಟ್ಟಲೆ ಕರಡು ಓದುವ ಕಣ್ಣಿಗೆ ಇದರಿಂದಲೇ ಹೆಚ್ಚು ಆರಾಮ.

ಕೇಟ್‌ನ ಬಣ್ಣದ ಯಂತ್ರವನ್ನೇ ಟರ್ಮಿನಲ್‌ನಿಂದ ಓಡಿಸಿ ಬಣ್ಣ ಸಮೇತ ಎಚ್‌ಟಿಎಂಎಲ್ ಫೈಲ್ ತೆಗೆಯಲು ಒಂದು ಪುಟ್ಟ ಸಾಧನ ಅದರ ಜೊತೆಗೇ ಬರುತ್ತದೆ. ನಮ್ಮ ಸಂಚಿಕೆಯ ಸಂಪಾದಕರು ಮಾಟುಂಗದವರು, ಮೂಲ ಉಡುಪಿ ಕಡೆ. ಕಂಪ್ಯೂಟರ್ ಮುಟ್ಟುವುದಿಲ್ಲ, ಫೋನಿನಲ್ಲಿ ಎಲ್ಲವನ್ನೂ ಓದುತ್ತಾರೆ. ಅವರಿಗೆ ಈಗ ಆ ಬಣ್ಣದ ಪ್ರತಿಯನ್ನೇ ಕಳಿಸುತ್ತೇನೆ. ಮೊದಲ ಸಲ ನೋಡಿದವರೇ ಫೋನ್ ಮಾಡಿದರು.

“ಈ ಹಳದಿ ಎಲ್ಲ ಎಂತದ್ದು ಮಾರಾಯ್ರೇ?”

“ಅದು ಸರಿ ಇದೆ ಸರ್, ಬಿಟ್ಟುಬಿಡಿ. ಕೆಂಪು, ಕಿತ್ತಳೆ ಮಾತ್ರ ನೋಡಿ.”

“ಹಾಗಾದ್ರೆ ಅಲ್ಪಪ್ರಾಣ ಮಹಾಪ್ರಾಣ ತಪ್ಪಾದ್ದಕ್ಕೂ ಒಂದು ಬಣ್ಣ ಕೊಡ್ಲಿಕ್ಕೆ ಆಗುದಿಲ್ವಾ? ನಮ್ಮವರ ಲೇಖನಕ್ಕೆ ಅದೇ ಮುಖ್ಯ.”

ಆಗುವುದಿಲ್ಲ ಎಂದೆ. ಅಕ್ಷರಗಳ ಜೋಡಣೆ ನೋಡಿ ಹೇಳಬಹುದಾದದ್ದನ್ನು ಮಾತ್ರ ಈ ನಿಯಮಗಳು ಹೇಳುತ್ತವೆ. ‘ದನ’ವೋ ‘ಧನ’ವೋ ಎನ್ನುವುದಕ್ಕೆ ವಾಕ್ಯ ಓದಬೇಕು. ಅದು ಅವರ ಪಾಲಿಗೇ ಉಳಿದಿದೆ.