ಹಳೆಯ ಚಿತ್ರಶಾಲೆಯ ಕಟ್ಟಡದ ಇತಿಹಾಸ ಬರೆಯುವುದು ಹೇಗೆ

ಊರಿನ ಹಳೆಯ ಚಿತ್ರಕಲಾ ಶಾಲೆಯ ಬಗ್ಗೆ ಬರೆಯಲು ಕೂತವರು ಮೊದಲು ಎಡವುವುದು ಇಸವಿಯಲ್ಲಿ. ಶಾಲೆ ಶುರುವಾದದ್ದು, ಈಗಿನ ಕಟ್ಟಡಕ್ಕೆ ಬಂದದ್ದು, ಈಗಿನ ಹೆಸರು ಪಡೆದದ್ದು ಮೂರೂ ಬೇರೆ ಬೇರೆ. ಮುಂಬೈಯ ಜೆ.ಜೆ. ಸ್ಕೂಲ್ ಆಫ್ ಆರ್ಟ್ ಆರಂಭವಾದದ್ದು 1857ರಲ್ಲಿ, ಸ್ವಂತ ಕಟ್ಟಡ ಸಿಕ್ಕಿದ್ದು 1878ರಲ್ಲಿ. ಜರ್ಮನಿಯ ಬೌಹೌಸ್ ಕಲಾಶಾಲೆ ಹುಟ್ಟಿದ್ದು 1919ರಲ್ಲಿ ವೈಮಾರ್‌ನಲ್ಲಿ; ಎಲ್ಲರೂ ಫೋಟೋದಲ್ಲಿ ನೋಡಿರುವ ಗಾಜಿನ ಗೋಡೆಯ ಕಟ್ಟಡ ಡೆಸ್ಸೌ ಊರಿನದು, 1926ರದು. ಆದ್ದರಿಂದ ನೋಟ್‌ಬುಕ್ಕಿನಲ್ಲಿ ಮೂರು ಕಾಲಂ ಎಳೆದು, ಪ್ರತಿ ಇಸವಿಯ ಮುಂದೆ ಅದು ಯಾವ ಕಾಗದದಲ್ಲಿ ಸಿಕ್ಕಿತು ಎಂದು ಬರೆಯಿರಿ. ಅಡಿಗಲ್ಲಿನ ಇಸವಿ ಕೆಲಸ ಶುರುವಾದದ್ದು, ಮುಗಿದದ್ದಲ್ಲ.

ಕಾಗದ ಹುಡುಕುವಾಗ 1956ರ ನವೆಂಬರ್ 1 ನೆನಪಿರಲಿ. ಅಲ್ಲಿಯವರೆಗೆ ಬೆಳಗಾವಿ, ವಿಜಯಪುರ ಮುಂಬೈ ಆಡಳಿತದಲ್ಲಿದ್ದವು. ಈಗಿನ ಬಾಗಲಕೋಟೆ ಜಿಲ್ಲೆ ಆಗ ವಿಜಯಪುರದ ಭಾಗ. ಜಮಖಂಡಿ, ಮುಧೋಳ 1948ರವರೆಗೆ ಸಂಸ್ಥಾನಗಳು, ಅಲ್ಲಿಯ ಶಾಲೆಗೆ ಸಂಸ್ಥಾನದ ದಫ್ತರವನ್ನೇ ನೋಡಬೇಕು. ಸಿಟಿ ಸರ್ವೆ ಆಫೀಸಿನಲ್ಲಿ ಜಾಗದ ಉತಾರ (ಹಕ್ಕಿನ ದಾಖಲೆ) ಮತ್ತು ನಕ್ಷೆ ಕೇಳಿ. ಹಳೆಯ ಹಾಳೆ ಮೋಡಿ ಲಿಪಿಯಲ್ಲಿ, ಅಂದರೆ ಮರಾಠಿಯ ಹಳೆಯ ಕೂಡುಬರಹದಲ್ಲಿ, ಇದ್ದರೆ ಮರಾಠಿ ಬಲ್ಲವರಿಗೂ ಸುಲಭಕ್ಕೆ ದಕ್ಕದು. ಊಹಿಸಿ ಬರೆಯದೆ ಮೋಡಿ ಕಲಿತವರಿಂದಲೇ ಓದಿಸಿ.

ಇವೆಲ್ಲಕ್ಕಿಂತ ಬೆಲೆಯುಳ್ಳದ್ದು, ಯಾರೂ ಕಣ್ಣೆತ್ತಿ ನೋಡದ್ದು, ಶಾಲೆಯದೇ ಡೆಡ್ ಸ್ಟಾಕ್ ರಿಜಿಸ್ಟರ್, ಅಂದರೆ ಬಾಳಿಕೆಯ ಸಾಮಾನಿನ ಪಟ್ಟಿ. ಈಸೆಲ್ (ಚಿತ್ರ ನಿಲ್ಲಿಸುವ ಚೌಕಟ್ಟು), ಡಾಂಕಿ (ಹಲಗೆ ಆನಿಸಿ, ಕುದುರೆ ಮೇಲೆ ಕೂತಂತೆ ಕೂತು ಬರೆಯುವ ಬೆಂಚು), ಪ್ಲಾಸ್ಟರ್ ಮೂರ್ತಿ ಎಂದು ತಂದಿದ್ದು ಯಾವಾಗ, ಎಷ್ಟಕ್ಕೆ ಎಂಬುದು ಅದರಲ್ಲಿರುತ್ತದೆ. ಒಮ್ಮೆಲೇ ಇಪ್ಪತ್ತು ಡಾಂಕಿ ಕೊಂಡಿದ್ದರೆ, ಅಷ್ಟನ್ನು ಹಾಕುವ ಕೋಣೆ ಆ ಹೊತ್ತಿಗೆ ಇತ್ತೇ ಎಂದು ಗೋಡೆಗಳ ಅಳತೆಯಿಂದ ತಾಳೆ ನೋಡಬಹುದು.

ಅಳತೆಗೆ ಮೂವರು ಬೇಕು: ಟೇಪಿನ ಎರಡು ತುದಿಗೆ ಇಬ್ಬರು, ಬರೆಯಲು ಒಬ್ಬರು. 30 ಮೀಟರ್ ಟೇಪನ್ನು ಮೂಲೆಯಿಂದ ಹಿಡಿದು, ಕಿಟಕಿ, ಬಾಗಿಲು ಬಂದಲ್ಲೆಲ್ಲ ಅದೇ ಸೊನ್ನೆಯಿಂದ ಓದುತ್ತ ಹೋಗಿ. ತುಂಡು ತುಂಡಾಗಿ ಅಳೆದು ಕೂಡಿದರೆ ಪ್ರತಿ ತುಂಡಿನ ತಪ್ಪೂ ಸೇರಿಕೊಂಡು ಕೊನೆಗೆ ಗೋಡೆಗಳು ಕೂಡುವುದೇ ಇಲ್ಲ. ಪ್ರತಿ ಕೋಣೆಯ ಎರಡೂ ಕರ್ಣ ಹಿಡಿಯಿರಿ. ಹಳೆಯ ಕೋಣೆಯ ಮೂಲೆ ಸರಿಯಾಗಿ 90 ಡಿಗ್ರಿ ಇರುತ್ತದೆಂದು ನಂಬಬೇಡಿ. ಗ್ರಾಫ್ ಹಾಳೆಯ ಮೇಲೆ ಒಂದು ಮೀಟರಿಗೆ ಒಂದು ಸೆಂಟಿಮೀಟರ್ ಲೆಕ್ಕ ಸಾಕು. ಗೋಡೆಯ ದಪ್ಪ ಬಾಗಿಲಿನಲ್ಲಿ ಸಿಗುತ್ತದೆ. ಅದನ್ನು ಇಂಚಿನಲ್ಲೂ ಬರೆಯಿರಿ, ಹಳೆಯವರ ಲೆಕ್ಕ ಇಂಚಿನದು: 457 ಮಿಲಿಮೀಟರ್ ಎಂದರೆ ಅರ್ಥವಾಗದ್ದು 18 ಇಂಚು ಎಂದಾಗ ಅರ್ಥವಾಗುತ್ತದೆ.

ಈಗ ಬೆಳಕು. ಚಿತ್ರ ಬರೆಯುವ ಕೋಣೆಗೆ ಉತ್ತರದ ಕಿಟಕಿ ಬೇಕು, ಏಕೆಂದರೆ ಮೂರು ತಾಸು ಕೂತು ಬರೆದರೂ ಮೂರ್ತಿಯ ನೆರಳು ಸರಿಯಬಾರದು. ಸ್ಕಾಟ್‌ಲ್ಯಾಂಡಿನ ಗ್ಲಾಸ್ಗೋ ಸ್ಕೂಲ್ ಆಫ್ ಆರ್ಟ್‌ನಲ್ಲಿ ವಾಸ್ತುಶಿಲ್ಪಿ ಮ್ಯಾಕಿಂಟಾಷ್ ಉತ್ತರದ ಮುಖವನ್ನೇ ದೊಡ್ಡ ಗಾಜಿನಿಂದ ತುಂಬಿದ್ದು ಇದಕ್ಕೇ. ಅಲ್ಲಿ ಮಧ್ಯಾಹ್ನದ ಸೂರ್ಯ ಯಾವಾಗಲೂ ದಕ್ಷಿಣಕ್ಕೇ. ಅದನ್ನೇ ನಮ್ಮಲ್ಲಿಗೆ ಹಾಗೇ ಹಚ್ಚಿದರೆ ತಪ್ಪಾಗುತ್ತದೆ. ಬೆಳಗಾವಿ ಸುಮಾರು 16ನೇ ಅಕ್ಷಾಂಶದ ಆಸುಪಾಸಿನಲ್ಲಿದೆ; ಮೇ ಮೊದಲ ವಾರದಿಂದ ಆಗಸ್ಟ್ ಮೊದಲ ವಾರದವರೆಗೆ ನಡು ಮಧ್ಯಾಹ್ನದ ಸೂರ್ಯ ನೆತ್ತಿಯ ಉತ್ತರಕ್ಕೇ ಇರುತ್ತಾನೆ. ಮಧ್ಯಾಹ್ನದ ಬಿಸಿಲನ್ನು ಒಂದಡಿ ಛಜ್ಜಾ ತಡೆಯುತ್ತದೆ, ಬೆಳಗ್ಗೆ ಸಂಜೆಯ ಓರೆ ಬಿಸಿಲನ್ನು ತಡೆಯದು. ಆದ್ದರಿಂದ ಕಿಟಕಿಯ ಪಕ್ಕದ ಅಡ್ಡಗೋಡೆ, ಪರದೆ ಕಟ್ಟಿದ ಕೊಂಡಿ, ಕೆಳಗಿನ ಅರ್ಧಕ್ಕೆ ಮಾತ್ರ ಮುಚ್ಚುವ ಕದ ಇವೆಯೇ ಎಂದು ಬೆರಳಾಡಿಸಿ ಹುಡುಕಿ. ದಿಕ್ಕನ್ನು ಅಂಗಳಕ್ಕೆ ಬಂದು ನೋಡಿ. ಕಬ್ಬಿಣದ ತೊಲೆ, ಗಾಡ್ರೆಜ್ ಕಪಾಟಿನ ಹತ್ತಿರ ಮೊಬೈಲಿನ ದಿಕ್ಸೂಚಿ ಸುಳ್ಳು ಹೇಳುತ್ತದೆ.

ಕಮಾನು ಕಂಡ ಕೂಡಲೇ ಶಾಲೆಗಾಗಿ ಕಟ್ಟಿದ್ದೆಂದು ಬರೆಯಬೇಡಿ. ಜಿಲ್ಲಾ ಕೇಂದ್ರ 1885ರಲ್ಲಿ ಕಲಾದಗಿಯಿಂದ ವಿಜಯಪುರಕ್ಕೆ ಬಂದಾಗ ಆದಿಲ್‌ಶಾಹಿ ಕಟ್ಟಡಗಳಲ್ಲೇ ಕಚೇರಿಗಳು ಕೂತವು. ಗೋಡೆಯಲ್ಲಿ ಮೇಲಿಂದ ಕೆಳಗೆ ನೆಟ್ಟಗೆ ಇಳಿದ ಸಂದು, ಎರಡೂ ಬದಿ ಕಲ್ಲಿನ ವರಸೆ ಕೂಡದಿರುವುದು ಕಂಡರೆ ಒಂದು ಬದಿ ಆಮೇಲೆ ಸೇರಿದ್ದು. ಗಿಲಾವು ಕೆರೆಯುವ ಮುನ್ನ ಲಿಖಿತ ಅನುಮತಿ ತೆಗೆದುಕೊಳ್ಳಿ, ಎರಡು ಇಂಚು ಚೌಕಕ್ಕಿಂತ ಹೆಚ್ಚು ಮುಟ್ಟಬೇಡಿ.

ಮಂಗಳೂರು ಹೆಂಚಿನ ಹಿಂಬದಿಯ ಕಾರ್ಖಾನೆ ಹೆಸರನ್ನೂ ಬರೆದುಕೊಳ್ಳಿ. ಬಾಸೆಲ್ ಮಿಷನ್ ಅಲ್ಲಿ ಹೆಂಚು ಸುಡಲು ತೊಡಗಿದ್ದು 1865ರಲ್ಲಿ, ಹಾಗಾಗಿ ಆ ಹೆಂಚು ಅದಕ್ಕಿಂತ ಹಳೆಯದಿರಲಾರದು. ಗೋಡೆ ಹಳೆಯದಿರಬಹುದು: ಹೆಂಚು ಒಡೆದಾಗೆಲ್ಲ ಬದಲಾಗಿರುತ್ತದೆ.